ಉಡಿ ತುಂಬಿಸಿಕೊಂಡು ನೌಕರಿ ಕೇಳಿದ್ದು

ನನ್ನವರ ನೌಕರಿ ಹೋದ ಮೇಲೆ ಮೊದಲು ಬದಲಾದದ್ದು ಅವರ ಬೆರಳು. ಆಳಂದದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಮದುವೆಗೂ ಮುಂಚಿನಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಗೆರೆಗಳಲ್ಲಿ ಸೀಮೆಸುಣ್ಣದ ಬಿಳುಪು ಸೇರಿಕೊಂಡೇ ಇರುತ್ತಿತ್ತು. ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಕಾಲೇಜು ಬಿಟ್ಟ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನೋಡಿದೆ, ಬೆರಳು ಸ್ವಚ್ಛವಾಗಿದ್ದವು. ಅನ್ನ ನೀಡುತ್ತಿದ್ದ ನನ್ನ ಕೈ ನಿಂತಿತು.

ಕಾಲೇಜಿನವರನ್ನು ಬೈಯುವ ಹಾಗಿರಲಿಲ್ಲ. ವಿಜ್ಞಾನಕ್ಕೆ ಮಕ್ಕಳೇ ಬರಲಿಲ್ಲ. ಇದ್ದವರು ಕಲಬುರಗಿಗೋ, ಗಡಿಯಾಚೆ ಲಾತೂರಿನ ಕೋಚಿಂಗ್‌ಗೋ ಹೋದರು. ಖಾಲಿ ಬೆಂಚುಗಳ ಮುಂದೆ ಎಷ್ಟು ದಿನ ಅಂತ ಕಲಿಸುತ್ತಾರೆ? ವಿಭಾಗ ಮುಚ್ಚಿದರು. ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮನೆಯಲ್ಲಿ ಟ್ಯೂಷನ್ ಶುರು ಮಾಡೋಣವೆಂದರೆ ಮಕ್ಕಳ ಅಪ್ಪಂದಿರು, ‘ಎಸಿ ಅದ ಏನ್ರಿ ಸರ್?’ ಎಂದು ಕೇಳಿದರು. ಚೇಷ್ಟೆಗಲ್ಲ, ನಿಜವಾಗಿ ಕೇಳಿದರು.

ಮೊದಲ ವರ್ಷ ಎಲ್ಲರಂತೆಯೇ ಹುಡುಕಿದರು. ಜಾಹೀರಾತು ನೋಡುವುದು, ಅರ್ಜಿ ಹಾಕುವುದು, ಝೆರಾಕ್ಸ್ ಅಂಗಡಿಯ ಮುಂದೆ ನಿಲ್ಲುವುದು. ಎಲ್ಲರೂ ವಯಸ್ಸು ಕೇಳಿ ‘ತಿಳಸ್ತೇವ್ರಿ ಸರ್’ ಎಂದರು. ಆಮೇಲೆ ಅವರ ಹುಡುಕಾಟ ಬೇರೆ ದಾರಿ ಹಿಡಿಯಿತು. ಹೇಳಿದರೆ ನಗುವಂಥ ದಾರಿಗಳು. ನಾನೂ ಮೊದಮೊದಲು ಸೆರಗಿನ ಮರೆಯಲ್ಲಿ ನಕ್ಕವಳೇ.

ಒಂದು ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ‘ಡಬ್ಬಿ ಕಟ್ಟು’ ಎಂದರು. ಎಲ್ಲಿಗೆ ಎಂದು ಕೇಳಿದೆ.

‘ಕಡಗಂಚಿ ತನಕ. ಯುನಿವರ್ಸಿಟಿ ಮಂದಿ ಇದೇ ಬಸ್ಸಿಗೆ ಹೋಗ್ತಾರ. ಕೆಲಸ ಇದ್ದವರ ಬಾಜೂಕ ಕುಂತ್ರ ಕೆಲಸದ ಸುದ್ದಿ ಕಿವಿಗೆ ಬೀಳ್ತದ.’

ಹೀಗೆ ದಿನಾ ಹೋದರು. ಆ ಮಂದಿಯ ಜೊತೆಗೆ ಹತ್ತಿ, ಅವರ ಜೊತೆಗೇ ಕಡಗಂಚಿಯಲ್ಲಿ ಇಳಿದು, ಗೇಟಿನವರೆಗೆ ಮಾತಾಡುತ್ತ ನಡೆಯುವುದು. ಅವರು ಒಳಗೆ ಹೋದ ಮೇಲೆ ಇವರು ಚಹಾ ಕುಡಿದು, ನೆರಳು ಇದ್ದಲ್ಲಿ ಕೂತು ಡಬ್ಬಿ ತಿಂದು, ಸಂಜೆ ಅವರ ಜೊತೆಗೇ ವಾಪಸ್. ಮಳೆ, ಬೆಲೆ, ಮೊಣಕಾಲು ನೋವು, ಎಲ್ಲದರ ಮಾತೂ ಆಗುತ್ತಿತ್ತಂತೆ. ನೌಕರಿಯ ಮಾತೊಂದು ಬಿಟ್ಟು. ಬಸ್ಸಿನಲ್ಲಿ ಗೆಳೆಯನಾದ ಒಬ್ಬ ಗುಮಾಸ್ತ ಒಂದು ಸಂಜೆ, ‘ಸರ್, ನೀವು ಯಾವ ಡಿಪಾರ್ಟ್‌ಮೆಂಟ್‌ದಾಗ ಅದೀರಿ? ಒಂದಿನಾನೂ ಕೇಳ್ಲಿಲ್ಲ ನಾ’ ಎಂದನಂತೆ. ಇವರು ‘ಕೆಮಿಸ್ಟ್ರಿ’ ಎಂದುಬಿಟ್ಟರು. ಮರುದಿನದಿಂದ ಆ ಬಸ್ಸು ಹತ್ತಲಿಲ್ಲ.

ಅದಾದ ಮೇಲೆ ನಮ್ಮ ಬಸ್‌ಸ್ಟ್ಯಾಂಡಿನ ಎದುರಿನ ಚಹಾ ಹೋಟೆಲ್ಲಿನಲ್ಲಿ ಒಂದು ಕರಿಹಲಗೆ ಇಟ್ಟರು. ದಿನಾ ಬೆಳಿಗ್ಗೆ ವಿಜ್ಞಾನದ ಒಂದು ಪ್ರಶ್ನೆ ಬರೆಯುವುದು, ಸಂಜೆ ಉತ್ತರ. ಯಾರಾದರೂ ಶಾಲೆ ನಡೆಸುವವರು ಚಹಾಕ್ಕೆ ಬಂದಾಗ ನೋಡಿ ‘ಯಾರಿದು?’ ಎಂದು ಕೇಳಲಿ ಎಂಬುದು ಆಸೆ. ಮಂದಿಗೆ ಹಿಡಿಸಿತು. ಉಪ್ಪು ಹಾಕಿದರೆ ಬೇಳೆ ಬೇಗ ಬೇಯುತ್ತದೆಯೋ ಇಲ್ಲವೋ ಎಂದು ಎರಡು ಟೇಬಲ್ಲಿನವರು ಜಗಳವಾಡಿದರಂತೆ. ಅಷ್ಟರಲ್ಲಿ ಹೋಟೆಲ್ಲಿನ ಮಾಲಕನಿಗೆ ಇವರ ಅಕ್ಷರದ ಮೇಲೆ ಕಣ್ಣು ಬಿತ್ತು. ‘ಸರ್, ಅಕ್ಷರ ಮುತ್ತಿನಂಗ ಅದಾವ್ರಿ ನಿಮ್ಮವು. ಕೆಳಗ ಇವತ್ತಿನ ನಾಷ್ಟಾ ಏನದ ಅಂತ ಬರದುಬಿಡ್ರಿ’ ಎಂದ. ಬರೆದರು. ದಿನ ಹೋದಂತೆ ನಾಷ್ಟಾದ ಸಾಲು ಮೇಲೇರಿತು, ಪ್ರಶ್ನೆ ಕೆಳಗಿಳಿಯಿತು. ಒಂದು ದಿನ ನಾನು ತರಕಾರಿಗೆಂದು ಆ ದಾರಿಯಲ್ಲಿ ಹೋದಾಗ ಹಲಗೆಯ ತುಂಬ ಸುಸಲಾ, ಮಿರ್ಚಿ, ಪೂರಿ ಇತ್ತು. ಅಕ್ಷರ ಮಾತ್ರ ಅವರದೇ. ‘ಸುಸಲಾ’ದ ‘ಸು’ವಿನ ಕೊಂಬನ್ನು ಅವರು ಎಷ್ಟು ದುಂಡಗೆ ತಿರುಗಿಸಿದ್ದರೆಂದರೆ ನಾನು ಅಲ್ಲಿಯೇ ಸ್ವಲ್ಪ ಹೊತ್ತು ನಿಂತೆ.

ಮೂರನೆಯ ದಾರಿ ಹೇಳಲು ನನಗೆ ಮನಸ್ಸಿಲ್ಲ, ಆದರೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಚೌಕಿನಲ್ಲಿ ಕಟ್ಟುವ ಶ್ರದ್ಧಾಂಜಲಿಯ ಬ್ಯಾನರುಗಳನ್ನು ಅವರು ಓದತೊಡಗಿದರು. ತೀರಿಕೊಂಡವರು ಮಾಸ್ತರರಾಗಿದ್ದರೆ ಅವರ ಜಾಗ ಖಾಲಿ. ಅಫಜಲಪುರದ ಒಬ್ಬ ಲೆಕ್ಚರರ್ ಹಾಗೆ ಅಕಸ್ಮಾತ್ತಾಗಿ ತೀರಿಕೊಂಡಾಗ ಇವರು ಮಣ್ಣು ಮಾಡುವಲ್ಲಿಗೆ ಹೋದರು. ಪರಿಚಯವೇ ಇಲ್ಲದ ಮನುಷ್ಯನ ಮಣ್ಣಿಗೆ. ಕಂಕುಳಲ್ಲಿ ಫೈಲು. ಗುಂಡಿಯ ಹತ್ತಿರ ನಿಂತಾಗ ಪಕ್ಕದಲ್ಲಿದ್ದವರು ಮೆಲ್ಲಗೆ, ‘ನಿಮ್ಮದು ಯಾವ ಸಬ್ಜೆಕ್ಟ್‌ರಿ?’ ಎಂದರಂತೆ. ತಿರುಗಿ ನೋಡಿದರೆ ಅವರ ಕಂಕುಳಲ್ಲೂ ಫೈಲು. ಇಬ್ಬರೂ ಬಗ್ಗಿ ಹಿಡಿ ಮಣ್ಣು ಹಾಕಿದರು.

ಮನೆಗೆ ಬಂದವರು ಹೊರಗೇ ನಿಂತು ‘ನೀರು ಹಾಕು’ ಎಂದರು. ತಲೆಯ ಮೇಲಿಂದ ನೀರು ಹಾಕಿದೆ. ಊಟ ಬೇಡವೆಂದರು. ಆವತ್ತಿನಿಂದ ಹೊರಗೆ ಹೋಗುವುದನ್ನೇ ಬಿಟ್ಟರು. ಹಿತ್ತಲ ಬಾಗಿಲಲ್ಲಿ ಕೂಡುವುದು, ಯಾರಾದರೂ ಬಂದರೆ ಎದ್ದು ಒಳಗಿನ ಕೋಣೆಗೆ ಹೋಗುವುದು. ಮಾತು ಬರಬರುತ್ತ ಕಡಿಮೆಯಾಯಿತು. ಮುಂದಿನ ಕೋಣೆಯ ಬಾಡಿಗೆ ಬರುತ್ತಿತ್ತು, ಹೊಲದ ಪಾಲಿನ ತೊಗರಿ ಬರುತ್ತಿತ್ತು. ಹೊಟ್ಟೆಗೆ ಹೇಗೋ ಆಗುತ್ತಿತ್ತು. ನನಗಿದ್ದ ಹೆದರಿಕೆ ಬೇರೆ. ಈ ಮನುಷ್ಯನಿಗೆ ಬೇಗ ಒಂದು ಕೆಲಸ ಸಿಗದಿದ್ದರೆ, ಎಂಥದಾದರೂ ಸರಿ, ಇವರು ನನ್ನ ಕಣ್ಣೆದುರೇ ಇಲ್ಲದಂತಾಗುತ್ತಾರೆ ಎಂದು.

ಹಾಗಾಗಿ ನಾನು ಹೊರಟೆ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದ್ದೂ ಒಂದು ಧೈರ್ಯ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆಯ ಟಿಕೇಟು ಹರಿದು ಕೊಡುತ್ತಿದ್ದ. ಹೋಗಿ ಕೈ ಖಾಲಿಯಾಗಿ ಬಂದರೂ ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ. ನಾನು ಕಲಿತದ್ದು ಕಲಬುರಗಿಯ ಕಾನ್ವೆಂಟಿನಲ್ಲಿ, ಹಾಸ್ಟೆಲ್ಲಿನಲ್ಲಿದ್ದು. ಸಿಸ್ಟರುಗಳು ನಮಗೆ ಇಂಗ್ಲಿಷು, ಕಸೂತಿ, ಸದ್ದಾಗದಂತೆ ಕುರ್ಚಿ ಎಳೆಯುವುದು, ಬಾಯಿ ಮುಚ್ಚಿ ಅಗಿಯುವುದು, ಕೊಟ್ಟದ್ದಕ್ಕೆ ಥ್ಯಾಂಕ್ಯೂ ಹೇಳುವುದು ಕಲಿಸಿದ್ದರು. ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ. ನನ್ನ ಜೊತೆ ಕಲಿತ ಹುಡುಗಿಯರಲ್ಲಿ ಬಹಳ ಮಂದಿ ಒಳ್ಳೆಯ ಮನೆ ಸೇರಿದ್ದಾರೆ. ಶಾಲೆ ನಡೆಸುವವರು, ಔಷಧದ ಅಂಗಡಿಯವರು, ಗುತ್ತಿಗೆದಾರರು. ನನ್ನವರು ಆಫೀಸಿನ ಬಾಗಿಲಿನಿಂದ ಹೋಗಿ ಸೋತಿದ್ದರು, ನಾನು ಅಡುಗೆಮನೆಯ ಬಾಗಿಲಿನಿಂದ ಹೋಗಿ ನೋಡೋಣ ಎಂದುಕೊಂಡೆ. ಅವರ ಬಯೋಡಾಟಾವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡೆ.

ಮೊದಲು ಹೋದದ್ದು ಅಫಜಲಪುರಕ್ಕೆ, ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳತಿಯ ಮನೆಗೆ. ಎರಡು ಶಾಲೆಗಳ ಆಡಳಿತ ಮಂಡಳಿಯಲ್ಲಿ ಅವಳ ಗಂಡನ ಮಾತು ನಡೆಯುತ್ತಿತ್ತು. ಬಾಗಿಲಲ್ಲೇ ತಬ್ಬಿಕೊಂಡಳು.

‘ಏನಬೇ, ಈಗ ನೆನಪಾತೇನು ನಾನು? ಬಾ, ಒಳಗ ಬಾ. ಎಷ್ಟು ತೆಳ್ಳಗಾಗಿ ನೋಡು. ಡಯಟ್ ಮಾಡಾಕತ್ತೀ ಏನು?’

ಚಹಾ ಆಯಿತು, ಊಟ ಆಯಿತು, ಹಳೆಯ ಮಾತುಗಳಾದವು. ಒಬ್ಬ ಸಿಸ್ಟರು ನಮ್ಮಿಬ್ಬರನ್ನೂ ಕನ್ನಡ ಮಾತಾಡಿದ್ದಕ್ಕೆ ಮೆಟ್ಟಿಲ ಮೇಲೆ ನಿಲ್ಲಿಸಿದ್ದನ್ನು ನೆನೆದು ನಕ್ಕೆವು. ನಾನು ಪರ್ಸಿನ ಜಿಪ್ಪು ಎಳೆಯುವಷ್ಟರಲ್ಲಿ ಅವಳು ‘ಮೊದಲನೇ ಸಲ ಮನಿಗೆ ಬಂದೀ, ಹಂಗ ಕಳಸ್ತೇನೇನು’ ಎಂದು ಒಳಗಿನಿಂದ ಮಣೆ ತಂದು ಹಾಕಿದಳು. ಮುತ್ತೈದೆ ಮೊದಲ ಸಲ ಮನೆಗೆ ಬಂದರೆ ಉಡಿ ತುಂಬದೆ ಕಳಿಸುವುದು ನಮ್ಮ ಕಡೆ ಇಲ್ಲವೇ ಇಲ್ಲ. ಹಣೆಗೆ ಕುಂಕುಮ ಹಚ್ಚಿ, ಮಡಿಲಲ್ಲಿ ಹಿಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಡಿಕೆ, ಮೇಲೊಂದು ಜಂಪರ್ ಪೀಸು ಹಾಕಿ, ಕೈಮುಗಿದಳು. ಸೆರಗು ತುಂಬಿದ ಮೇಲೆ ಎದ್ದು ನಿಲ್ಲಬೇಕು, ನಮಸ್ಕಾರ ಮಾಡಬೇಕು, ಹೊರಡಬೇಕು. ಅಲ್ಲಿಗೆ ಎಲ್ಲ ಮುಗಿದಂತೆ. ಎರಡೂ ಕೈಯಲ್ಲಿ ಸೆರಗು ಹಿಡಿದು ನಿಂತವಳು ಪರ್ಸು ತೆರೆದು ಕಾಗದ ಹೇಗೆ ತೆಗೆಯಬೇಕು?

ಹೊಸ್ತಿಲ ಹತ್ತಿರ ಬಂದಾಗ ಹೇಳಿದೆ. ನಮ್ಮವರಿಗೆ ಕೆಲಸವಿಲ್ಲ, ನಿಮ್ಮವರಿಗೆ ಒಂದು ಮಾತು ಹೇಳು ಎಂದು. ಅವಳ ಮುಖ ಒಂದು ಕ್ಷಣ ಬಾಡಿತು.

‘ಅಯ್ಯ, ಅಂಥ ಶಾಣ್ಯಾರಿಗೆ ಕೆಲಸಕ್ಕ ಏನು ಬರ ಬಿಡಬೇ. ತಾವಾಗೇ ಕರೀತಾರ. ಉಡಿ ತುಂಬಿಸಿಕೊಂಡು ಕಣ್ಣೀರ ಹಾಕಬಾರದು, ಒರಸು.’

ನನ್ನ ಕಣ್ಣಲ್ಲಿ ನೀರಿರುವುದು ಅವಳು ಹೇಳಿದ ಮೇಲೆಯೇ ನನಗೆ ಗೊತ್ತಾಯಿತು.

ಭೂಸನೂರಿಗೆ ಹೋದೆ, ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳುತ್ತ ಹೋಯಿತು. ಅಲ್ಲಿಯೂ ಉಡಿ. ಆಳಂದದಲ್ಲೇ ಇನ್ನಿಬ್ಬರ ಮನೆಗೆ ಹೋದೆ. ಅಲ್ಲಿಯೂ ಉಡಿ. ಟ್ರಂಕಿನಲ್ಲಿ ಜಂಪರ್ ಪೀಸುಗಳ ಗಂಟು ಬೆಳೆಯಿತು. ಯಾವುದೂ ನನ್ನ ಸೀರೆಗೆ ಹೊಂದುವುದಲ್ಲ. ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇರುವ, ಮಡಿಕೆಯ ಗೆರೆಯಲ್ಲಿ ಬಣ್ಣ ಹೋದ ಬಟ್ಟೆಗಳು. ಎಲ್ಲ ಮನೆಗಳಲ್ಲೂ ನನಗೆ ಮರ್ಯಾದೆ ಸಿಕ್ಕಿತು, ಯಾವ ಮನೆಯಲ್ಲೂ ‘ಇಲ್ಲ’ ಎನ್ನಲಿಲ್ಲ. ‘ಇಲ್ಲ’ ಎಂದಿದ್ದರೆ ಆ ಮನೆಯನ್ನಾದರೂ ಮರೆಯಬಹುದಿತ್ತು.

ಕಡೆಗೆ ಉಳಿದದ್ದು ಜೇವರ್ಗಿ. ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಭೀಮೆಯ ಸೇತುವೆ ದಾಟಿ ಹೋಗಬೇಕು. ಅಲ್ಲಿನ ಗೆಳತಿಯ ಅತ್ತೆ ಸ್ವಂತ ಶಾಲೆ ನಡೆಸುತ್ತಿದ್ದರು, ಮಕ್ಕಳ ಹಾಸ್ಟೆಲ್ಲೂ ಇತ್ತು. ಮನೆಯ ಹಿಂದೆಯೇ ಹಾಸ್ಟೆಲ್ಲಿನ ಕಂಪೌಂಡು. ದೊಡ್ಡ ಹೆಂಗಸು, ಬಿಳಿಯ ಕೂದಲನ್ನು ಬಿಗಿದು ಕಟ್ಟಿದ್ದರು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಎಲ್ಲರೂ ಅವರನ್ನು ‘ಅವ್ವಾರ’ ಎನ್ನುತ್ತಿದ್ದರು. ಸೊಸೆಗೆ ಬಿಡದೆ ತಾವೇ ಮಣೆ ಹಾಕಿ ನನಗೆ ಉಡಿ ತುಂಬಿದರು. ಎರಡೂ ಕೈಯಿಂದ, ಅಕ್ಕಿ ಕಾಳು ನೆಲಕ್ಕೆ ಬೀಳದಂತೆ. ಬೆನ್ನ ಮೇಲೆ ಕೈಯಾಡಿಸಿ, ‘ತಾಯಿ ಅದಾಳೇನಬೇ?’ ಎಂದು ಕೇಳಿದರು. ಇಲ್ಲವೆಂದೆ. ‘ನಾ ಅದೇನಿ ತಗೋ. ಇನ್ನ ಇದು ನಿನ್ನ ತವರುಮನಿ’ ಎಂದರು. ಅದು ಬಾಯಿಮಾತಿನ ಉಪಚಾರವಲ್ಲ ಎನ್ನುವುದು ಆ ಕೈಯ ಬಿಸಿಯಲ್ಲೇ ತಿಳಿಯುತ್ತಿತ್ತು.

ನಾನು ಸೆರಗು ಹಿಡಿದು ಇನ್ನೂ ಮಣೆಯ ಮೇಲಿದ್ದೆ. ಅವರಿಗೆ ಫೋನು ಬಂತು. ಅವರು ಮಾತಾಡುವುದು ಹೊರಗಿನ ರಸ್ತೆಗೂ ಕೇಳುವಂತೆ.

‘ವಾರ್ಡನ್ ಯಾರಾದ್ರೂ ಇದ್ರ ಹೇಳೋ ಮಾರಾಯಾ. ಇದ್ದಾಂವ ಹೇಳದ ಕೇಳದ ಹೋಗ್ಯಾನ. ಭಾಳ ಏನೂ ಇಲ್ಲ. ಮುಂಜಾನೆ ಹುಡುಗರನ್ನ ಎಬ್ಬಸಬೇಕು, ಊಟಕ್ಕ ನೀಡಬೇಕು, ತಾಟು ಎಣಿಸಿ ಇಡಬೇಕು. ಹತ್ತನೇತ್ತ ಕಲ್ತಿದ್ರ ಸಾಕು. ವಯಸ್ಸಾಗಿದ್ರೂ ನಡೀತದ. ನಂಬಿಗಸ್ತ ಇರಬೇಕು ನೋಡು.’

ವಯಸ್ಸಾಗಿದ್ದರೂ ನಡೆಯುತ್ತದೆ ಎಂದ ಮೊದಲ ಮನುಷ್ಯರು ಇವರೇ. ಅವರು ಫೋನಿಟ್ಟ ಕೂಡಲೇ ಹೇಳಿದೆ:

‘ಅವ್ವಾರ, ನಮ್ಮವರು ಮಾಡ್ತಾರ್ರಿ ಆ ಕೆಲಸ.’

ಅವರು ನಕ್ಕರು. ನಾನು ನಗಲಿಲ್ಲ. ಅವರ ನಗೆ ನಿಧಾನವಾಗಿ ನಿಂತಿತು. ಪರ್ಸಿನಿಂದ ಕಾಗದ ತೆಗೆಯಲು ಗೆಳತಿಗೆ ಸನ್ನೆ ಮಾಡಿದೆ. ಅವಳು ತೆಗೆದು ಕೊಟ್ಟಳು. ಅವ್ವಾರ ಕಾಗದವನ್ನು ಕಣ್ಣಿನಿಂದ ದೂರ ಹಿಡಿದು ಓದಿದರು, ಮಡಚಿದರು.

‘ಎಂಎಸ್ಸಿ ಆಗ್ಯಾರ.’

‘ಹೌದ್ರಿ.’

‘ತಂಗಿ, ಈಗ ನಿನಗ ನನ್ನ ಕೈಲೆ ಉಡಿ ತುಂಬೇನಿ. ನೀ ಈ ಮನಿ ಮಗಳಾದಿ. ಮಗಳ ಗಂಡನ ಕೈಲೆ ಹುಡುಗರ ತಾಟು ಎತ್ತಸಲೇನು ನಾನು? ಊರಾಗ ಮಂದಿ ನನ್ನ ಮುಖಕ್ಕ ಏನಂತಾರ?’

‘ಅವರಿಗೆ ಅದರ ಬೇಜಾರಿಲ್ರಿ ಅವ್ವಾರ. ಏನು ಕೆಲಸ ಆದ್ರೂ ಮಾಡ್ತಾರ.’

‘ಅವರಿಗೆ ಇರಲಿಕ್ಕಿಲ್ಲ. ನನಗ ಬೇಜಾರ ಅದ. ಅಡಗಿ ಮಾಡಾಕಿ ಅದಾಳಲ್ಲ, ಗಂಡ ಸತ್ತಾಕಿ, ಬರೇ ಹಣಿಲೆ ಬಾಗಲದಾಗ ನಿಂತು ಕೇಳಿದಳು, ಅವತ್ತೇ ಇಟ್ಟುಕೊಂಡೆ. ನೀ ಹಂಗ ಬಂದಿ ಏನು? ಮಣಿ ಮ್ಯಾಲೆ ಕುಂತಿ.’

ಮಾಸ್ತರ ಕೆಲಸವಾದರೂ ಇದೆಯೇ ಎಂದು ಕೇಳಿದೆ. ಈ ವರ್ಷ ಎಲ್ಲ ತುಂಬಿದೆ, ಮಗನಿಗೆ ಹೇಳಿ ನೋಡುತ್ತೇನೆ ಎಂದರು. ಎಲ್ಲರೂ ಹೇಳುವ ಮಾತು. ಗೆಳತಿ ಗೇಟಿನವರೆಗೆ ಬಂದಳು. ಅತ್ತೆಗೆ ಕೇಳಿಸದಂತೆ, ‘ನೀ ಮೊದ್ಲ ನನಗ ಫೋನ್‌ದಾಗ ಹೇಳಬೇಕಿಲ್ಲೇನಬೇ? ಸೀದಾ ಆಫೀಸಿಗೆ ಅವರನ್ನೇ ಕಳಿಸಿದ್ರ ನಾಳೆಯಿಂದನೇ ಬರ್ರಿ ಅಂತಿದ್ರು. ಅತ್ತಿ ಒಮ್ಮೆ ಉಡಿ ತುಂಬಿದ್ರಂದ್ರ ಮುಗೀತು’ ಎಂದಳು.

ಬಸ್ಸಿನಲ್ಲಿ ಅಕ್ಕಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂದು ಕೆಟ್ಟ ಯೋಚನೆ ಬಂತು. ಕುಂಕುಮ ಅಳಿಸಿಕೊಂಡು ಹೋಗಿದ್ದರೆ, ನಮ್ಮಣ್ಣನಿಗೆ ಕೆಲಸ ಕೊಡಿ ಎಂದು ಬಾಗಿಲಲ್ಲಿ ನಿಂತು ಕೇಳಿದ್ದರೆ, ಈ ಹೊತ್ತಿಗೆ ಇವರಿಗೊಂದು ಕೆಲಸ ಇರುತ್ತಿತ್ತು. ಆ ಯೋಚನೆ ನನ್ನದೇ ಎಂದು ಗೊತ್ತಾದಾಗ ಹಣೆ ಮುಟ್ಟಿ ನೋಡಿಕೊಂಡೆ. ಪಕ್ಕದ ಸೀಟಿನ ಹೆಂಗಸು, ‘ತಲಿ ನೋಯಾಕತ್ತದೇನ್ರಿ ಅಕ್ಕಾರ?’ ಎಂದು ಕೇಳಿದಳು.

ಮನೆಗೆ ಬಂದು ಎಲ್ಲ ಹೇಳಿದೆ. ಅವರು ಬಹಳ ತಿಂಗಳ ಮೇಲೆ ಎದ್ದು ನಿಂತು ಮಾತಾಡಿದರು.

‘ಕೆಲಸ ಅದ ಅಂದ್ರಲ್ಲ? ಖಾಲಿ ಅದ ಅಲ್ಲ? ಹಂಗಾದ್ರ ನಾ ಬರ್ತೇನಿ. ನಾನೇ ಕೇಳ್ತೇನಿ. ನನ್ನ ಮುಖ ನೋಡಿದ್ರ ಅವರಿಗೆ ಖರೆ ಅನಸ್ತದ.’

ಅವರ ಕಣ್ಣಲ್ಲಿ ಎಷ್ಟೋ ದಿನದ ಮೇಲೆ ಏನೋ ಕಂಡಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೊರಡುವ ಹಿಂದಿನ ದಿನವೇ ಗಡ್ಡ ಮಾಡಿಕೊಂಡರು, ಉಗುರು ತೆಗೆದರು. ನಾನು ಗೆಳತಿಗೆ ಫೋನು ಮಾಡಿ, ಅವರು ಕೆಲಸ ಕೇಳಲೆಂದೇ ಬರುತ್ತಿದ್ದಾರೆ, ಆಫೀಸಿನಲ್ಲೇ ಕೂಡಿಸಿ ಮಾತಾಡಿ ಎಂದು ಬಿಡಿಸಿ ಹೇಳಿದೆ. ಹೂಂ ಎಂದಳು.

ಆದರೆ ಜೇವರ್ಗಿಯ ಆ ಮನೆಯ ಮುಂದೆ ಇಳಿದಾಗಲೇ ಬೆಲ್ಲ ಕಡಲೆಬೇಳೆ ಬೆಂದ ವಾಸನೆ ಬಂತು. ಹೋಳಿಗೆ ಮಾಡಿದ್ದರು. ಆಫೀಸಿನ ಕಡೆ ತಿರುಗಿದವರನ್ನು ಅವ್ವಾರೇ ಮುಂದೆ ಬಂದು, ‘ಅತ್ತಾಗ ಎಲ್ಲಿ ಹೊಂಟೀರಿ ಅಳಿಯಂದ್ರ, ಇತ್ತಾಗ ಬರ್ರಿ. ಕಾಲಿಗೆ ನೀರು ಕೊಡ್ರಿ ಯಾರಾದ್ರೂ’ ಎಂದು ಒಳಗೆ ಕರೆದೊಯ್ದರು. ಮಗಳ ಗಂಡ ಮೊದಲ ಸಲ ಮನೆಗೆ ಬಂದಿದ್ದಾನೆ. ಮಣೆ, ಎಲೆ, ತುಪ್ಪ. ಎಡಗಡೆ ಉಪ್ಪಿನಕಾಯಿ ಬಡಿಸುವಾಗ ಅವ್ವಾರ ತಮ್ಮ ಸೆರಗು ಎಲೆಗೆ ತಾಗದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ನನಗೆ ಇನ್ನೂ ಕಾಣುತ್ತದೆ.

ಇವರು ಮೊದಲ ತುತ್ತು ಎತ್ತುವ ಮೊದಲೇ ಕೇಳಿದರು. ಬಹಳ ಸ್ಪಷ್ಟವಾಗಿ, ಕ್ಲಾಸಿನಲ್ಲಿ ಹೇಳುವ ಹಾಗೆ.

‘ಅವ್ವಾರ, ಹಾಸ್ಟೆಲ್ ವಾರ್ಡನ್ ಕೆಲಸ ನನಗ ಕೊಡ್ರಿ. ತಾಟು ತೊಳೀತೇನಿ, ಕಸ ಹೊಡೀತೇನಿ. ನನಗ ಏನೂ ನಾಚಿಕಿಲ್ಲ.’

ಅವ್ವಾರ ಸೌಟು ಹಿಡಿದು ನಿಂತಿದ್ದರು. ಆಮೇಲೆ ಅವರೇ ಆ ಮಾತನ್ನು ತೇಲಿಸಿಬಿಟ್ಟರು.

‘ಅಳಿಯಂದ್ರು ಭಾಳ ಚ್ಯಾಷ್ಟಿ ಮಾಡ್ತಾರ ನೋಡ್ರಿ. ಇನ್ನೊಂದು ಹೋಳಿಗಿ ನೀಡ್ರಿ ಅವರಿಗೆ.’

ಮನೆಮಂದಿಯೆಲ್ಲ ನಕ್ಕರು, ಪಾಪ, ಇವರ ಮರ್ಯಾದೆ ಉಳಿಸಲೆಂದೇ ನಕ್ಕರು. ಇವರೂ ನಗಬೇಕಾಯಿತು. ಬಾಯಿ ತೆರೆದು, ಹಲ್ಲು ಕಾಣುವಂತೆ ನಕ್ಕರು. ಆ ನಗೆ ನಾನು ಅವರ ಮುಖದಲ್ಲಿ ಮೊದಲು ಎಂದೂ ನೋಡಿರಲಿಲ್ಲ. ಎರಡು ಹೋಳಿಗೆ ತಿಂದರು, ಎಲೆಯಲ್ಲಿ ಏನೂ ಬಿಡಲಿಲ್ಲ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಡುವಯಸ್ಸಿನ ಒಬ್ಬ ತಂಬಿಗೆಯಿಂದ ಇವರ ಕೈಗೆ ನೀರು ಹಾಕಿದ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಹೊಸ ವಾರ್ಡನ್ ಎಂದು ಗೆಳತಿ ಹೇಳಿದಳು. ಮೊನ್ನೆ ಬಂದು ಸೇರಿದ್ದನಂತೆ. ಇವರು ಅವನನ್ನು ‘ಎಲ್ಲೀತನಕ ಕಲ್ತೀರಿ?’ ಎಂದು ಕೇಳಿದರು. ‘ಹತ್ತನೇತ್ತರಿ, ಸಾಹೇಬ್ರ’ ಎಂದ. ಇವರು ತಲೆಯಾಡಿಸಿ, ಟಾವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು.

ಹೊರಡುವಾಗ ಅಳಿಯನಿಗೆ ಆಹೇರಿ ಮಾಡಿದರು. ತಲೆಗೆ ಟೊಪ್ಪಿಗೆ ಇಟ್ಟು, ಹೆಗಲಿಗೆ ಟಾವೆಲ್ಲು ಹಾಕಿ, ಕೈಗೆ ಶರ್ಟ್ ಪೀಸು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಟೊಪ್ಪಿಗೆ ತೆಗೆಯುವುದನ್ನೂ ಅವರು ಮರೆತಿದ್ದರು. ನಾನೇ ತೆಗೆದು ಚೀಲಕ್ಕೆ ಹಾಕಿದೆ.

‘ಅವರದೇನೂ ತಪ್ಪಿಲ್ಲ,’ ಎಂದರು. ‘ಕೆಟ್ಟ ಮಂದಿ ಆಗಿದ್ರ ಕೆಲಸ ಕೊಡ್ತಿದ್ರು.’

ಬಸ್ಸು ಸೇತುವೆ ದಾಟಿತು. ಆಮೇಲೆ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು, ‘ನಮ್ಮ ಮೂರೂ ತಾಲೂಕಿನಾಗ ನಾ ಯಾರಿಗೋ ಸರ್, ಯಾರಿಗೋ ಭಾವ, ಯಾರಿಗೋ ಅಳಿಯ. ನನಗಿಲ್ಲಿ ಕೆಲಸ ಹುಟ್ಟಂಗಿಲ್ಲ. ಯಾರಿಗೂ ಏನೂ ಅಲ್ಲದ ಊರಿಗೆ ಹೋಗಬೇಕು.’

ನಾನು ಅದನ್ನು ಬೇಜಾರಿನ ಮಾತು ಎಂದುಕೊಂಡೆ. ವಾರದೊಳಗೆ ಒಂದು ಚೀಲ ತುಂಬಿಕೊಂಡು ಗಡಿಯ ಖಜೂರಿ ಮೇಲೆ ಹಾದು ಮಹಾರಾಷ್ಟ್ರಕ್ಕೆ ಹೋಗುವ ಬಸ್ಸು ಹತ್ತಿದರು. ಎರಡು ಅಂಗಿ, ಲುಂಗಿ, ಬಿಪಿ ಗುಳಿಗೆ. ಸರ್ಟಿಫಿಕೇಟಿನ ಫೈಲು ಇಟ್ಟೆ. ತೆಗೆದು ಮಂಚದ ಮೇಲಿಟ್ಟರು. ಅಂಗಿಯ ಜೇಬಿನಲ್ಲಿ ಸಿಕ್ಕಿಸುತ್ತಿದ್ದ ಪೆನ್ನನ್ನೂ ತೆಗೆದಿಟ್ಟರು.

ಲಾತೂರಿನಲ್ಲಿ ಕೋಚಿಂಗ್ ಮಕ್ಕಳಿರುವ ಒಂದು ಹಾಸ್ಟೆಲ್ಲಿನಲ್ಲಿ ಕೆಲಸ ಸಿಕ್ಕಿದೆ. ಹೋದ ಮೂರನೆಯ ದಿನಕ್ಕೇ ಸಿಕ್ಕಿತು. ನಾವು ಇಷ್ಟು ವರ್ಷ ಹುಡುಕಿದ್ದು ಅಲ್ಲಿ ಮೂರು ದಿನಕ್ಕೆ ಸಿಕ್ಕಿತೆಂದು ಸಂತೋಷಪಡಬೇಕು. ಬಂಧುಗಳು ಕೇಳಿದರೆ ಲಾತೂರಿನಲ್ಲಿ ಇದ್ದಾರೆ ಎನ್ನುತ್ತೇನೆ. ಕೋಚಿಂಗ್ ಎಂದರೆ ಕಲಿಸಲು ಹೋಗಿದ್ದಾರೆಂದು ಅವರೇ ತಿಳಿದುಕೊಳ್ಳುತ್ತಾರೆ. ನಾನು ತಿದ್ದುವುದಿಲ್ಲ.

ಮಕ್ಕಳು ಕ್ಲಾಸಿಗೆ ಹೋದ ಮಧ್ಯಾಹ್ನಗಳಲ್ಲಿ ಫೋನು ಮಾಡುತ್ತಾರೆ. ಒಮ್ಮೆ ಬಂದು ನೋಡಿ ಹೋಗುತ್ತೇನೆ, ಚಟ್ನಿಪುಡಿ ತರುತ್ತೇನೆ ಎಂದೆ.

‘ಬ್ಯಾಡ. ನೀ ಬರಬ್ಯಾಡ. ನಿನ್ನ ನೋಡಿದ್ರ, ನಿನ್ನ ಇಂಗ್ಲಿಷ್ ಕೇಳಿದ್ರ, ನಾ ಯಾರು ಅಂತ ಕೇಳ್ತಾರ. ಇಲ್ಲಿ ನಾ ಹತ್ತನೇತ್ತ ಪಾಸು ಅಂತ ಹೇಳೇನಿ.’

ಆ ಕಡೆ ಎಲ್ಲೋ ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

‘ನಿನ್ನೆ ಒಂದು ಪೋರಗ ಪುಸ್ತಕ ಹಿಡಕೊಂಡು ಅಳಾಕತ್ತಿತ್ತು. ಕೆಮಿಸ್ಟ್ರಿ ಸಮೀಕರಣ ಸರಿದೂಗಸ್ಲಿಕ್ಕೆ ಬರವಲ್ದು ಅಂತ. ನಾ ಬಾಜೂಕ ನಿಂತು ಕಸ ಹೊಡಿಯಾಕತ್ತಿದ್ದೆ. ಕಾಕಾ, ನಿಮಗ ಬರ್ತದ ಏನು ಅಂತ ಚ್ಯಾಷ್ಟಿಗೆ ಕೇಳ್ತು. ಇಲ್ಲಪಾ, ನನಗೆಲ್ಲಿ ಬರಬೇಕು ಅಂದೆ.’

‘ಭಾಳ ಕಠಿಣ ಇತ್ತೇನ್ರಿ?’ ಎಂದೆ.

‘ಎಲ್ಲೀ ಕಠಿಣ? ಹಾಳಿ ಅದ ಏನು ನಿನ್ನ ಹತ್ರ? ಬರಕೋ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಅದರ ಬಾಜೂಕ ಹೈಡ್ರೋಕ್ಲೋರಿಕ್ ಆಸಿಡ್. ಮೊದಲ ಮ್ಯಾಂಗನೀಸ್ ನೋಡಬೇಕು. ಅವಸರ ಮಾಡಬಾರದು. ಎಲ್ಲಾರೂ ಮೊದಲ ಹೈಡ್ರೋಜನ್ನಿಗೆ ಕೈ ಹಾಕಿ ಕೆಡಸ್ತಾರ...’

ಹಳೆಯ ಪೇಪರಿನ ಅಂಚಿನಲ್ಲಿ ಬರೆದುಕೊಂಡೆ. ಕಾನ್ವೆಂಟಿನಲ್ಲಿ ನಾನು ಆರ್ಟ್ಸ್‌ನವಳು, ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ‘ಹೂಂ’ ಎನ್ನುತ್ತ ಹೋದೆ. ಅವರ ದನಿ ಏರುತ್ತ ಬಂತು. ನಡುವೆ ‘ತಿಳೀತೇನು?’ ಎಂದು ನಿಲ್ಲಿಸುವರು, ನಾನು ‘ತಿಳೀತ್ರಿ’ ಎನ್ನುವೆನು. ‘ಈಗ ಬಲಗಡೆ ನೋಡು’ ಎಂದರು. ಅಷ್ಟರಲ್ಲಿ ಅಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು. ಯಾರೋ ಮರಾಠಿಯಲ್ಲಿ, ಕಾಕಾ, ನೀರು ಬಂದಿಲ್ಲ ಎಂದು ಕೂಗಿದರು.

‘ಆಲೋ, ಆಲೋ’ ಎಂದರು ನನ್ನವರು, ಬಂದೆ ಬಂದೆ ಎಂದು, ನನಗೆ ಪರಿಚಯವಿಲ್ಲದ ಒಂದು ಸಣ್ಣ ದನಿಯಲ್ಲಿ. ಫೋನು ನಿಂತಿತು. ಅವರು ತಿರುಗಿ ಮಾಡಬಹುದೆಂದು ನಾನು ಪೆನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ. ಮಾಡಲಿಲ್ಲ. ಮರುದಿನ ಮಾಡಿದಾಗ ಅದರ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.